ಗೇಟಿನೊಳಗಿನ ಮಕ್ಕಳು ಯಾವ ನ್ಯಾಯಾಲಯದವರು?

ನಾನು ಬೆಳೆದದ್ದು ಬೆಳಗಾವಿಯ ದಂಡು ಪ್ರದೇಶದಲ್ಲಿ. ಅಪ್ಪ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದರು. ನೆಲ ರಕ್ಷಣಾ ಇಲಾಖೆಯದು, ಬೀದಿದೀಪ ದಂಡು ಮಂಡಳಿಯದು. ಆದರೆ ಯಾರ ಮನೆಯಲ್ಲಾದರೂ ಕಳವಾದರೆ ಬರುತ್ತಿದ್ದವರು ಕ್ಯಾಂಪ್ ಠಾಣೆಯ ಕರ್ನಾಟಕ ಪೊಲೀಸರು. ಇದೊಂದು ಭಾಗ್ಯವೆಂದು ನನಗೆ ಗೊತ್ತಾದದ್ದು ತಂಗಿಯ ಸಂಸಾರ ಅಮೆರಿಕದ ಸೇನಾ ನೆಲೆಯೊಂದರ ವಸತಿಗೆ ಹೋದ ಮೇಲೆ.

ಕಳೆದ ವರ್ಷ ಅವಳ ಮನೆಯ ಮುಂದೆಯೇ ಅದೇ ಬೀದಿಯ ಹದಿನಾಲ್ಕು ವರ್ಷದ ಹುಡುಗ ಅವಳ ಎಂಟು ವರ್ಷದ ಮಗಳಿಗೆ ಹೊಡೆದು ಕೈ ಮುರಿದ. ಸೇನಾ ಪೊಲೀಸರು ಬಂದು ಬರೆದುಕೊಂಡು ಹೋದರು. ಊರಿನ ಬಾಲ ನ್ಯಾಯಾಲಯಕ್ಕೆ ಹೋದರೆ, ಆ ಜಾಗ ನಮ್ಮ ವ್ಯಾಪ್ತಿಯಲ್ಲಿಲ್ಲ ಎಂದರು. ಒಕ್ಕೂಟ ಸರ್ಕಾರದ ವಕೀಲರ ಕಚೇರಿ ಮಕ್ಕಳ ಪ್ರಕರಣ ಕೈಗೆತ್ತಿಕೊಳ್ಳಲಿಲ್ಲ. ಆ ಹುಡುಗನಿಗೆ ಶಿಕ್ಷೆಯಾಗಲಿ ಎಂದು ತಂಗಿ ಕೇಳಿರಲಿಲ್ಲ. ಯಾರಾದರೂ ಅವನನ್ನು ಕೂರಿಸಿ ಮಾತನಾಡಿಸಲಿ, ಆಪ್ತಸಮಾಲೋಚನೆಗೆ ಕಳುಹಿಸಲಿ ಎಂದಷ್ಟೇ ಕೇಳಿದ್ದಳು.

ಇದರ ಬೇರು ಅಮೆರಿಕದ ಸಂವಿಧಾನದ ಮೊದಲನೇ ವಿಧಿಯಲ್ಲಿದೆ. ಕೋಟೆ, ಶಸ್ತ್ರಾಗಾರ, ಹಡಗುಕಟ್ಟೆಗಳಿಗಾಗಿ ರಾಜ್ಯದ ಶಾಸಕಾಂಗದ ಒಪ್ಪಿಗೆಯಿಂದ ಕೊಂಡ ನೆಲದ ಮೇಲೆ ಕಾನೂನು ಮಾಡುವ ಅಧಿಕಾರ ಪೂರ್ತಿಯಾಗಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ. ಕಾಲ ಕಳೆದಂತೆ ಮೂರು ಬಗೆಯ ನೆಲಗಳಾದವು: ಒಕ್ಕೂಟದ ಕಾನೂನು ಮಾತ್ರ ನಡೆಯುವುದು, ಎರಡೂ ಸರ್ಕಾರಗಳ ಕಾನೂನು ನಡೆಯುವುದು, ಒಕ್ಕೂಟ ಬರೀ ಮಾಲೀಕನಾಗಿರುವುದು. 1940ರ ನಂತರವಂತೂ ಒಕ್ಕೂಟ ಸರ್ಕಾರ ರಾಜ್ಯಪಾಲರಿಗೆ ಬರೆದು ತಿಳಿಸಿ ಅಧಿಕಾರವನ್ನು ಸ್ವೀಕರಿಸದಿದ್ದರೆ ಅದು ದಕ್ಕುವುದಿಲ್ಲ. ಲೂಸಿಯಾನಾದ ಕ್ಯಾಂಪ್ ಕ್ಲೇಬೋರ್ನ್‌ನಲ್ಲಿ ನಡೆದ ಅಪರಾಧಕ್ಕೆ ಒಕ್ಕೂಟದ ನ್ಯಾಯಾಲಯ ಮೂವರು ಸೈನಿಕರಿಗೆ ಮರಣದಂಡನೆ ವಿಧಿಸಿತ್ತು. ಆ ಸ್ವೀಕಾರವೇ ಆಗಿಲ್ಲ, ಹಾಗಾಗಿ ವಿಚಾರಣೆಗೇ ಅಧಿಕಾರವಿರಲಿಲ್ಲ ಎಂದು 1943ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೂರು ಜೀವಗಳು ಒಂದು ಪತ್ರದ ಮೇಲೆ ತೂಗಾಡಿದ್ದವು.

ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ತುಂಡು ನೆಲ ಸೇರುತ್ತಾ ಬಂದದ್ದರಿಂದ ಒಂದೇ ನೆಲೆ ಕೌದಿಯ ಹಾಗಿರುತ್ತದೆ. ತಂಗಿಯ ಮನೆ ಒಕ್ಕೂಟದ್ದೇ ಆದ ತುಂಡಿನಲ್ಲಿದೆ. ಮಕ್ಕಳು ಆಡುವ ಮೈದಾನ ಆಚೆಯ ತುಂಡಿನಲ್ಲಿದೆ, ಅಲ್ಲಿ ಎರಡೂ ಸರ್ಕಾರಗಳಿಗೆ ಅಧಿಕಾರವಿದೆ. ಜಗಳ ನೂರು ಹೆಜ್ಜೆ ಮುಂದೆ ನಡೆದಿದ್ದರೆ ಊರಿನ ನ್ಯಾಯಾಧೀಶರು ಕೇಳಬಹುದಿತ್ತು. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ದೊಡ್ಡವರಿಗೆ ಈ ಕಂದಕ ಅಷ್ಟಾಗಿ ತಟ್ಟುವುದಿಲ್ಲ. ಸೈನಿಕನಿಗೆ ಕೋರ್ಟ್ ಮಾರ್ಷಲ್ ಇದೆ. ನಾಗರಿಕನಿಗೆ ಒಕ್ಕೂಟದ ನ್ಯಾಯಾಲಯವಿದೆ, ಅದು 1825ರಿಂದ ಬಂದ ಕಾಯ್ದೆಯೊಂದರ ಬಲದಿಂದ ರಾಜ್ಯದ ಅಪರಾಧ ಕಾನೂನನ್ನೇ ಎರವಲು ಪಡೆಯುತ್ತದೆ. ಮಕ್ಕಳಿಗಾಗಿ ಮಾತ್ರ ಒಕ್ಕೂಟದಲ್ಲಿ ಪ್ರತ್ಯೇಕ ನ್ಯಾಯಾಲಯ ವ್ಯವಸ್ಥೆಯೇ ಇಲ್ಲ. ಆ ಅನುಭವ, ಆ ಸಿಬ್ಬಂದಿ ಎಲ್ಲವೂ ರಾಜ್ಯಗಳ ಬಳಿ ಇವೆ. ಸೇನಾ ನೆಲೆಗಳಲ್ಲಿ ಮಕ್ಕಳ ಮೇಲೆ ಮಕ್ಕಳೇ ನಡೆಸಿದ ಲೈಂಗಿಕ ದೌರ್ಜನ್ಯದ ನೂರಾರು ಪ್ರಕರಣಗಳನ್ನು ಅಸೋಸಿಯೇಟೆಡ್ ಪ್ರೆಸ್ 2018ರಲ್ಲಿ ಬಯಲಿಗೆಳೆದಾಗ ಕಂಡದ್ದೂ ಇದೇ ಕಂದಕ.

ಇಬ್ಬರು ಯಜಮಾನರಾದರೆ ಗೊಂದಲ, ಒಂದೇ ತಪ್ಪಿಗೆ ಎರಡು ಸಲ ವಿಚಾರಣೆ ನಡೆಯಬಹುದು ಎನ್ನುವವರಿದ್ದಾರೆ. ಆ ಭಯ ಸುಳ್ಳಲ್ಲ. ಎರಡು ಸರ್ಕಾರಗಳು ಬೇರೆ ಬೇರೆಯಾಗಿ ಮೊಕದ್ದಮೆ ಹೂಡಬಹುದೆಂದು 2019ರಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಮಕ್ಕಳ ವಿಷಯದಲ್ಲಿ ನಾನು ಹಂಚಿಕೊಂಡ ಅಧಿಕಾರದ ಪರ. ಯಾರು ಮೊದಲು ಕೈಗೆತ್ತಿಕೊಳ್ಳಬೇಕು ಎಂದು ಎರಡೂ ಕಡೆಯವರು ಕೂತು ಬರೆದುಕೊಳ್ಳಬಹುದು. ಇಬ್ಬರೂ ಕೈಚೆಲ್ಲಿದ ಮಗುವಿಗೆ ಅಂಥ ಯಾವ ದಾರಿಯೂ ಇಲ್ಲ.

ನಮ್ಮಲ್ಲೂ ಎಲ್ಲ ಸರಿಯಿದೆ ಎನ್ನುತ್ತಿಲ್ಲ. 1950ರ ಸೇನಾ ಕಾಯ್ದೆಯಲ್ಲಿ, ಎರಡೂ ನ್ಯಾಯಾಲಯಗಳಿಗೆ ಅಧಿಕಾರವಿರುವ ಪ್ರಕರಣ ಎಲ್ಲಿಗೆ ಹೋಗಬೇಕೆಂಬುದರಲ್ಲಿ ಸೇನಾಧಿಕಾರಿಯ ಮಾತಿಗೆ ದೊಡ್ಡ ತೂಕವಿದೆ. ಆದರೆ ಸೈನಿಕರ ಮಕ್ಕಳು ಎಲ್ಲರ ಮಕ್ಕಳಂತೆ ಬಾಲ ನ್ಯಾಯ ಮಂಡಳಿಯ ಮುಂದೆಯೇ ನಿಲ್ಲುತ್ತಾರೆ. ಹಳೆಯ ಬೆಂಗಳೂರಿಗರಿಗೆ ‘ರೆಟ್ರೋಸೆಷನ್’, ಅಂದರೆ ಪಡೆದ ಅಧಿಕಾರವನ್ನು ಮರಳಿಸುವುದು, ಎಂಬ ಮಾತು ನೆನಪಿರಬಹುದು. 1881ರಿಂದ ಬ್ರಿಟಿಷರ ಆಡಳಿತದಲ್ಲೇ ಇದ್ದ ದಂಡು ಪ್ರದೇಶ ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ. ಅಮೆರಿಕದ ಕಾನೂನಿನಲ್ಲೂ ಅದೇ ಪದ, ಅದೇ ದಾರಿ ಇದೆ: ಸೇನಾ ಇಲಾಖೆ ಬರೆದು ಕೊಡಬೇಕು, ರಾಜ್ಯ ಒಪ್ಪಿಕೊಳ್ಳಬೇಕು. ಹಲವು ರಾಜ್ಯಗಳು ಮಕ್ಕಳ ಪ್ರಕರಣಗಳಿಗಾಗಿಯೇ ಇಂಥ ಕಾಯ್ದೆ ಮಾಡಿವೆ. ತಂಗಿಯ ನೆಲೆಯಲ್ಲಿ ಮಾತ್ರ ಆ ಪತ್ರ ಇನ್ನೂ ಹೊರಟಿಲ್ಲ.

ಅಲ್ಲಿನ ನೆಲೆಗಳಲ್ಲಿ ವಾಸವಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ ನಾಳೆಯೇ ನೆಲೆಯ ಕಾನೂನು ಕಚೇರಿಗೆ ಹೋಗಿ, ನಿಮ್ಮ ಮನೆ ಯಾವ ಬಗೆಯ ನೆಲದ ಮೇಲಿದೆ ಎಂದು ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ. ನಿಮ್ಮ ರಾಜ್ಯದ ಶಾಸಕರಿಗೆ ಪತ್ರ ಬರೆಯುವಾಗ ಅದರ ಪ್ರತಿಯನ್ನೂ ಜೊತೆಗಿಡಿ. ತಂಗಿ ಕಳುಹಿಸಿದ ಪತ್ರದ ನಕಲು ನನ್ನಲ್ಲಿದೆ, ಬೇಕಾದವರಿಗೆ ಕೊಡುತ್ತೇನೆ.