ಮೂರನೇ ಕ್ಲಾಸಿನ ಮಗ್ಗಿ ಮತ್ತು ಅಧ್ಯಕ್ಷರ ಚುನಾವಣೆ

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂತೆಂದರೆ ಶಾಲೆಗಳ ಬಗ್ಗೆ ಒಂದು ಭರವಸೆ ತಪ್ಪದೆ ಕೇಳಿಬರುತ್ತದೆ: ಶಿಕ್ಷಣವನ್ನು ವಾಷಿಂಗ್ಟನ್ ಕೈಯಿಂದ ಬಿಡಿಸಿ ಊರಿನವರ ಕೈಗೆ ಕೊಡುತ್ತೇವೆ. ಚಪ್ಪಾಳೆ ಗ್ಯಾರಂಟಿ. 2016ರಲ್ಲಂತೂ ಇದು ತಾರಕಕ್ಕೇರಿತ್ತು. ಆಗ ಎಲ್ಲರ ಗುರಿ 'ಕಾಮನ್ ಕೋರ್' ಎಂಬ ಗಣಿತ ಮತ್ತು ಇಂಗ್ಲಿಷ್ ಕಲಿಕಾ ಮಾನದಂಡ, ಅಂದರೆ ಯಾವ ಕ್ಲಾಸಿನ ಮಗುವಿಗೆ ಏನು ಬರಬೇಕು ಎಂಬ ಪಟ್ಟಿ. ರಿಪಬ್ಲಿಕನ್ ಅಭ್ಯರ್ಥಿಗಳಾದ ಟೆಡ್ ಕ್ರೂಜ್ ಮತ್ತು ಟ್ರಂಪ್ ಅದನ್ನು ಕಿತ್ತುಹಾಕುತ್ತೇವೆ ಎಂದರು. ಅದರ ಪರ ನಿಂತ ಜೆಬ್ ಬುಷ್, ಜಾನ್ ಕೇಸಿಕ್ ಸ್ವಂತ ಪಕ್ಷದವರಿಂದಲೇ ಬೈಸಿಕೊಂಡರು. ಲೂಸಿಯಾನದ ಗವರ್ನರ್ ಆಗಿದ್ದ ಬಾಬಿ ಜಿಂದಾಲ್ ಮೊದಲು ಒಪ್ಪಿಕೊಂಡು, ಆಮೇಲೆ 2014ರಲ್ಲಿ ಕೇಂದ್ರ ಸರ್ಕಾರದ ಮೇಲೆ ಕೇಸು ಹಾಕಿದರು. ನ್ಯೂಜೆರ್ಸಿಯ ಗವರ್ನರ್ ಕ್ರಿಸ್ಟಿ ಕೂಡ 2015ರಲ್ಲಿ ಹಿಂದೆ ಸರಿದರು. ಅವರ ರಾಜ್ಯ ಒಂದಿಷ್ಟು ತಿದ್ದುಪಡಿ ಮಾಡಿ ಬೇರೆ ಹೆಸರಿಟ್ಟುಕೊಂಡಿತು.

ಇಷ್ಟಕ್ಕೂ ಅಧ್ಯಕ್ಷರು ಕಿತ್ತುಹಾಕಲು ಅಲ್ಲಿ ಏನೂ ಇರಲಿಲ್ಲ. ಕಾಮನ್ ಕೋರ್ ಬರೆಸಿದ್ದು ಗವರ್ನರ್‌ಗಳ ಸಂಘ ಮತ್ತು ರಾಜ್ಯಗಳ ಶಿಕ್ಷಣ ಮುಖ್ಯಸ್ಥರ ಮಂಡಳಿ. ಅಳವಡಿಸಿಕೊಂಡದ್ದು ಒಂದೊಂದೇ ರಾಜ್ಯ, ತನ್ನ ತೀರ್ಮಾನದಿಂದ. ಮೊದಲು ಸೇರಿದ್ದು ಕೆಂಟಕಿ. ಟೆಕ್ಸಸ್, ವರ್ಜೀನಿಯಾ, ಅಲಾಸ್ಕ, ನೆಬ್ರಾಸ್ಕ ಸೇರಲೇ ಇಲ್ಲ. 2014ರಲ್ಲಿ ಹೊರಬಂದ ಇಂಡಿಯಾನಾ, ಓಕ್ಲಹೋಮ ಯಾವ ಅಧ್ಯಕ್ಷರನ್ನೂ ಕೇಳಲಿಲ್ಲ. ಸಾಲದ್ದಕ್ಕೆ, 2015ರ ಡಿಸೆಂಬರಿನಲ್ಲಿ ಒಬಾಮ ಸಹಿ ಹಾಕಿದ ಶಿಕ್ಷಣ ಕಾನೂನು ಇಂಥದ್ದೇ ಮಾನದಂಡ ಇಟ್ಟುಕೊಳ್ಳಿ ಎಂದು ರಾಜ್ಯಗಳನ್ನು ಒತ್ತಾಯಿಸದಂತೆ, ಆಸೆ ತೋರಿಸಿ ಒಪ್ಪಿಸದಂತೆ ಕೇಂದ್ರ ಶಿಕ್ಷಣ ಕಾರ್ಯದರ್ಶಿಯ ಕೈ ಕಟ್ಟಿಬಿಟ್ಟಿತ್ತು. ಬೇಡ ಎಂದು ತೆಗೆಸುವುದೂ ಅದೇ ಬೇಲಿಯ ಆಚೆಯ ಕೆಲಸ. ಭಾಷಣ ಮಾಡಿದವರಿಗೆ ಇದು ಗೊತ್ತಿರಲಿಲ್ಲ ಎಂದು ನಂಬುವುದು ಕಷ್ಟ.

ಗೊಂದಲಕ್ಕೆ ಕಾರಣ ಮಾನದಂಡ, ಪಠ್ಯಪುಸ್ತಕ, ಪರೀಕ್ಷೆ ಮೂರನ್ನೂ ಒಂದೇ ಗಂಟು ಕಟ್ಟಿ ಬೈಯುವುದು. ಅಮೆರಿಕದಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲೂ ಅದೇ ಕಥೆ. 52ರಲ್ಲಿ 28 ಕಳೆಯಲು ಮಗು ಉದ್ದ ಗೆರೆ ಎಳೆದು, 28ರಿಂದ 30ಕ್ಕೆ 2, 30ರಿಂದ 50ಕ್ಕೆ 20, 50ರಿಂದ 52ಕ್ಕೆ 2, ಒಟ್ಟು 24 ಎಂದು ಬರೆಯುತ್ತದೆ. ಶೆಟ್ಟರ ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ಕೊಡುತ್ತಿದ್ದದ್ದು ಹೀಗೇ, ಆದರೂ ಅಪ್ಪ ಅಮ್ಮಂದಿರಿಗೆ ಇದು ಹುಚ್ಚಾಟ. 'ದಶಕ ತಗೊಂಡು ಕಳೆಯೋದನ್ನ ಕಲಿಸೋದೇ ಇಲ್ವಂತೆ!' ಕಲಿಸುತ್ತಾರೆ. ಎರಡನೇ ಕ್ಲಾಸಿನಲ್ಲಿ ಸ್ಥಾನಬೆಲೆ ಅರ್ಥವಾಗಲಿ ಎಂದು ಈ ದಾರಿ, ನಾಲ್ಕನೇ ಕ್ಲಾಸಿನ ಕೊನೆಗೆ ನಮಗೆ ಗೊತ್ತಿರುವ ಕೂಡುವ–ಕಳೆಯುವ ಕ್ರಮ ಸರಾಗವಾಗಿ ಬರಲೇಬೇಕು ಎಂದು ಕಾಮನ್ ಕೋರ್‌ನಲ್ಲೇ ಇದೆ. ದೊಡ್ಡ ಗುಣಾಕಾರ ಐದಕ್ಕೆ, ಭಾಗಾಕಾರ ಆರಕ್ಕೆ. ಮನೆಗೆ ಬರುವ ಕೆಟ್ಟ ವರ್ಕ್‌ಶೀಟ್ ಮಾತ್ರ ಪ್ರಕಾಶಕರದ್ದು, ಅದನ್ನು ಕೊಂಡದ್ದು ಊರಿನ ಶಾಲೆಗಳನ್ನು ನಡೆಸುವ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟು.

ಮಗ್ಗಿಯನ್ನೇ ನೋಡಿ. ಮೂರನೇ ಕ್ಲಾಸು ಮುಗಿಯುವಷ್ಟರಲ್ಲಿ ಒಂದಂಕಿಯ ಎಲ್ಲ ಗುಣಲಬ್ಧಗಳೂ ಬಾಯಿಗೆ ಬರಬೇಕು ಎನ್ನುತ್ತದೆ ಕಾಮನ್ ಕೋರ್. ಟೆಕ್ಸಸ್ 2013ರಲ್ಲಿ ಕಾನೂನು ಮಾಡಿಯೇ ಕಾಮನ್ ಕೋರ್ ನಿಷೇಧಿಸಿತು. ಅಲ್ಲಿನ ಸ್ವಂತ ಮಾನದಂಡ ಮೂರನೇ ಕ್ಲಾಸಿಗೆ ಕೇಳುವುದು ಹತ್ತರ ಹತ್ತರವರೆಗಿನ ಮಗ್ಗಿ. ಇಷ್ಟು ದೊಡ್ಡ ಸ್ವಾಭಿಮಾನದ ಹೋರಾಟದಿಂದ ಮಗುವಿಗೆ ಹೆಚ್ಚಿಗೆ ಸಿಕ್ಕಿದ್ದು ಹತ್ತರ ಸಾಲು. ಎಂಟು ವರ್ಷದ ಮಗು ಯಾವ ರಾಜ್ಯದಲ್ಲಿದ್ದರೂ ಕಲಿಯಬೇಕಾದದ್ದು ಹೆಚ್ಚುಕಡಿಮೆ ಅದೇ. ಅದಕ್ಕೇ ಸಮಾನ ಮಾನದಂಡ ನನ್ನ ಮಟ್ಟಿಗೆ ಒಳ್ಳೆಯ ಯೋಚನೆ. ಕೆಲಸದ ಬೆನ್ನು ಹತ್ತಿ ನ್ಯೂಜೆರ್ಸಿಯಿಂದ ಟೆಕ್ಸಸ್‌ಗೆ, ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ಮನೆ ಬದಲಿಸುವ ಕುಟುಂಬಗಳಿಗೆ ಅದರ ಉಪಯೋಗ ಬಿಡಿಸಿ ಹೇಳಬೇಕಿಲ್ಲ.

ಕೆಟ್ಟದ್ದು ತಂದ ರೀತಿ. 2009ರ ಆರ್ಥಿಕ ಹಿಂಜರಿತದಲ್ಲಿ ರಾಜ್ಯಗಳ ಖಜಾನೆ ಬರಿದಾಗಿತ್ತು. ಆಗ ಒಬಾಮ ಸರ್ಕಾರ 'ರೇಸ್ ಟು ದ ಟಾಪ್' ಎಂದು 435 ಕೋಟಿ ಡಾಲರಿನ ಸ್ಪರ್ಧೆ ಇಟ್ಟಿತು. ಒಟ್ಟು 500 ಅಂಕ, ಅದರಲ್ಲಿ 40 ಅಂಕ ಸಮಾನ ಮಾನದಂಡ ಒಪ್ಪಿದವರಿಗೆ. ಮಾನದಂಡದ ಅಂತಿಮ ರೂಪ ಹೊರಬಂದದ್ದು 2010ರ ಜೂನ್ 2ಕ್ಕೆ, ಅಳವಡಿಸಿಕೊಳ್ಳಲು ಗಡುವು ಆಗಸ್ಟ್ 2. ಎರಡೇ ತಿಂಗಳು, ಅದೂ ಬೇಸಿಗೆ ರಜೆಯಲ್ಲಿ. ಊರಿನ ಶಿಕ್ಷಕರು ಓದಿ ನೋಡುವ ಮೊದಲೇ ರಾಜ್ಯದ ಬೋರ್ಡುಗಳು ಕೈ ಎತ್ತಿ ಆಗಿತ್ತು. ಮುಂದೆ ಹೊಸ ಪರೀಕ್ಷೆ ಬಂತು, ಅದರ ಅಂಕಕ್ಕೆ ಶಿಕ್ಷಕರ ಮೌಲ್ಯಮಾಪನವನ್ನೂ ಗಂಟು ಹಾಕಿದರು. 2015ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮೂರರಿಂದ ಎಂಟನೇ ಕ್ಲಾಸಿನ ಐದರಲ್ಲೊಂದು ಮಗುವನ್ನು ಹೆತ್ತವರು ಪರೀಕ್ಷೆಗೇ ಕೂರಿಸಲಿಲ್ಲ. ಜನರ ಸಿಟ್ಟಿನಲ್ಲಿ ಅರ್ಥವಿತ್ತು; ಅಭ್ಯರ್ಥಿಗಳು ಅದನ್ನು ತಿರುಗಿಸಿದ ದಿಕ್ಕು ತಪ್ಪು.

ಭಾರತದಲ್ಲಿ ಇದೇ ಹಗ್ಗಜಗ್ಗಾಟ ಬೇರೆ ನೆಲದ ಮೇಲೆ ನಡೆಯುತ್ತದೆ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಪ್ರಸ್ತಾಪವೇ ಇಲ್ಲ, ಹಾಗಾಗಿ ಅದು ರಾಜ್ಯಗಳ ಪಾಲು. ನಮ್ಮಲ್ಲಿ 1976ರ 42ನೇ ತಿದ್ದುಪಡಿ ಶಿಕ್ಷಣವನ್ನು ರಾಜ್ಯಪಟ್ಟಿಯಿಂದ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ತಂದಿತು. ಹೀಗಾಗಿ ಕರ್ನಾಟಕದ ಅಭ್ಯರ್ಥಿ ರಾಷ್ಟ್ರೀಯ ಶಿಕ್ಷಣ ನೀತಿ ತರುತ್ತೇನೆ ಅಥವಾ ತೆಗೆಯುತ್ತೇನೆ ಎಂದರೆ ಅದು ಬರೀ ಮಾತಲ್ಲ. 2021ರಲ್ಲಿ ಕರ್ನಾಟಕ ಎಲ್ಲರಿಗಿಂತ ಮೊದಲು ಕಾಲೇಜುಗಳಲ್ಲಿ ಆ ನೀತಿ ತಂದಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ರಾಜ್ಯದ್ದೇ ನೀತಿ ರೂಪಿಸಲು ಸುಖದೇವ್ ಥೋರಟ್ ಆಯೋಗ ಬಂತು. ಪಠ್ಯಪುಸ್ತಕದ ಪಾಠಗಳೂ ಹಾಗೆ, 2022ರಲ್ಲಿ ಒಳಬಂದವು 2023ರಲ್ಲಿ ಹೊರಹೋದವು. ಇಲ್ಲಿ ಮಾತಿಗೆ ಬಲ ಉಂಟು. ನಡುವೆ ಸಿಕ್ಕಿಕೊಳ್ಳುವ ಮಕ್ಕಳಿಗೆ ಅದೇ ಕಷ್ಟ.

ಹಣದ ಷರತ್ತು ಮಾತ್ರ ಎರಡೂ ದೇಶದಲ್ಲಿ ಒಂದೇ ಆಯುಧ. ಕೇಂದ್ರದ ಮಾದರಿ ಶಾಲೆಗಳ ಯೋಜನೆಯಾದ ಪಿಎಂ ಶ್ರೀ ಒಪ್ಪಂದಕ್ಕೆ, ಅದರ ಜೊತೆಗೆ ಬರುವ ರಾಷ್ಟ್ರೀಯ ನೀತಿಗೆ ಸಹಿ ಹಾಕದ ತಮಿಳುನಾಡಿಗೆ 2024ರಲ್ಲಿ ಕೇಂದ್ರದಿಂದ ಶಾಲೆಗಳಿಗೆ ಬರುವ ಸಮಗ್ರ ಶಿಕ್ಷಾ ಅನುದಾನ ನಿಂತಿತು, ಸುಮಾರು 2,152 ಕೋಟಿ ರೂಪಾಯಿ. ನನ್ನ ಕಣ್ಣಿಗೆ ಇದು ರೇಸ್ ಟು ದ ಟಾಪ್‌ಗಿಂತ ಒರಟು. ಅಲ್ಲಿ ಒಪ್ಪದವರು ಹೆಚ್ಚುವರಿ ಹಣ ಕಳೆದುಕೊಂಡರು, ಇಲ್ಲಿ ಪ್ರತಿವರ್ಷ ಬರುತ್ತಿದ್ದ ಹಣಕ್ಕೇ ಕತ್ತರಿ.

ಇನ್ನು ಊರಿನವರ ಹಿಡಿತ. ಅಮೆರಿಕದಲ್ಲಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟುಗಳಿವೆ. ಬಹುಪಾಲು ಕಡೆ ಬೋರ್ಡಿಗೆ ಜನರೇ ಮತ ಹಾಕುತ್ತಾರೆ. ಡಿಸ್ಟ್ರಿಕ್ಟಿನ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟರ ನೇಮಕ, ಬಜೆಟ್, ಪುಸ್ತಕದ ಆಯ್ಕೆ ಆ ಬೋರ್ಡಿನದು. ಶಾಲೆಗೆ ಖರ್ಚಾಗುವ ನೂರು ಡಾಲರಿನಲ್ಲಿ ಕೇಂದ್ರದ ಪಾಲು ಹತ್ತರ ಆಸುಪಾಸು. ಉಳಿದದ್ದು ರಾಜ್ಯದ್ದು ಮತ್ತು ಮನೆ ತೆರಿಗೆಯದ್ದು. ಹೀಗಿದ್ದೂ ಎಷ್ಟೋ ಕಡೆ ಬೋರ್ಡಿನ ಚುನಾವಣೆ ನವೆಂಬರಿನ ದೊಡ್ಡ ಚುನಾವಣೆಯ ಜೊತೆ ಬರುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಹೆಚ್ಚಿನ ಕಡೆ ಮೇ ತಿಂಗಳ ಮೂರನೇ ಮಂಗಳವಾರ, ಟೆಕ್ಸಸ್‌ನ ಹಲವೆಡೆ ಮೇ ಮೊದಲ ಶನಿವಾರ. ನೂರಕ್ಕೆ ಹತ್ತು ಮತದಾರರೂ ಬರದ ಊರುಗಳಿವೆ. ಹಠ ಹಿಡಿದ ಇನ್ನೂರು ಜನ ಒಟ್ಟಾದರೆ ಬೋರ್ಡೇ ಅವರದ್ದಾಗುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿ ಇದೆ, ಪಾಲಕರೇ ಸದಸ್ಯರು. ಬಿಸಿಯೂಟ, ಕಟ್ಟಡ, ಹಾಜರಾತಿ ನೋಡಿಕೊಳ್ಳಬಹುದು. ಪಠ್ಯ, ಪರೀಕ್ಷೆ, ಕಾಯಂ ಶಿಕ್ಷಕರ ನೇಮಕ ಅವರ ಕೈಗೆ ಎಟುಕುವುದಿಲ್ಲ. 2024ರ ಮಾರ್ಚ್, ಏಪ್ರಿಲ್ ತಿಂಗಳಲ್ಲಿ 5, 8, 9ನೇ ತರಗತಿಗಳ ಬೋರ್ಡ್ ಪರೀಕ್ಷೆ ಹೈಕೋರ್ಟಿನಲ್ಲಿ ಒಮ್ಮೆ ರದ್ದಾಗಿ, ಮತ್ತೆ ನಡೆದು, ಕೊನೆಗೆ ಫಲಿತಾಂಶಕ್ಕೆ ಸುಪ್ರೀಂ ಕೋರ್ಟಿನಲ್ಲಿ ತಡೆ ಬಿದ್ದಾಗ ಒಂದೇ ಒಂದು ಎಸ್‌ಡಿಎಂಸಿಯ ಅಭಿಪ್ರಾಯಕ್ಕೂ ಅಲ್ಲಿ ಜಾಗವಿರಲಿಲ್ಲ. ಅಮೆರಿಕದಲ್ಲಿ ಅಧಿಕಾರವಿದೆ, ಮತ ಹಾಕುವವರಿಲ್ಲ. ಕರ್ನಾಟಕದಲ್ಲಿ ಬರುವ ಜನರಿದ್ದಾರೆ, ಅಧಿಕಾರವಿಲ್ಲ.

2025ರ ಮಾರ್ಚಿನಲ್ಲಿ ಟ್ರಂಪ್ ಕೇಂದ್ರ ಶಿಕ್ಷಣ ಇಲಾಖೆ ಮುಚ್ಚಲು ಆದೇಶ ಹೊರಡಿಸಿದಾಗ ಪರೀಕ್ಷೆ ಹೋಯಿತು ಎಂದು ಖುಷಿಪಟ್ಟವರಿದ್ದರು. ಇಲಾಖೆಯನ್ನು ಪೂರ್ತಿ ತೆಗೆಯಲು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಒಪ್ಪಬೇಕು. ಮೂರರಿಂದ ಎಂಟರವರೆಗೆ ಪ್ರತಿವರ್ಷದ ಓದು ಮತ್ತು ಗಣಿತದ ಪರೀಕ್ಷೆ 2015ರ ಕಾನೂನಿನಲ್ಲೇ ಇದೆ, ಇಲಾಖೆಯ ಕಟ್ಟಡಕ್ಕೆ ಬೀಗ ಬಿದ್ದ ಮಾತ್ರಕ್ಕೆ ಹೋಗುವುದಿಲ್ಲ.

ಅಮೆರಿಕದಲ್ಲಿ ವೀಸಾ ಮೇಲಿರುವ ನಮ್ಮವರಿಗೆ ಹೆಚ್ಚಿನ ಕಡೆ ಮತವಿಲ್ಲ, ಮನೆ ತೆರಿಗೆ ಮಾತ್ರ ಇದೆ. ಸ್ಯಾನ್ ಫ್ರಾನ್ಸಿಸ್ಕೋದಂಥ ಕೆಲವೇ ಊರುಗಳು ಪೌರರಲ್ಲದ ಪಾಲಕರಿಗೂ ಸ್ಕೂಲ್ ಬೋರ್ಡಿಗೆ ಮತ ಹಾಕಲು ಬಿಡುತ್ತವೆ. ಮಾತಾಡಲು ಮತ ಬೇಕಿಲ್ಲ: ಬೋರ್ಡಿನ ಸಭೆಗಳಲ್ಲಿ ಸಾರ್ವಜನಿಕರಿಗೆ ಸಾಮಾನ್ಯವಾಗಿ ಎರಡು ಮೂರು ನಿಮಿಷ ಸಿಗುತ್ತದೆ, ಹೆಸರು ಬರೆಸಿದರಾಯಿತು. ಕೇಳಲು ವಿಷಯವೂ ಇದೆ. ಕ್ಯಾಲಿಫೋರ್ನಿಯಾದ 2011ರ ಕಾನೂನಿನ ಪ್ರಕಾರ ಎರಡು ಭಾಷೆ ಚೆನ್ನಾಗಿ ಬಲ್ಲ ಹೈಸ್ಕೂಲ್ ಮಕ್ಕಳ ಡಿಪ್ಲೊಮಾ ಮೇಲೆ 'ಸೀಲ್ ಆಫ್ ಬೈಲಿಟರಸಿ' ಎಂಬ ಮುದ್ರೆ ಬೀಳುತ್ತದೆ. ಕನ್ನಡಕ್ಕೆ ಎಪಿ, ಅಂದರೆ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ, ಇಲ್ಲ. ಅಂಥ ಭಾಷೆಗೆ ನಾಲ್ಕು ವರ್ಷದ ಹೈಸ್ಕೂಲ್ ಕೋರ್ಸಿನ ಮಟ್ಟದ ಪರೀಕ್ಷೆಯನ್ನು ಡಿಸ್ಟ್ರಿಕ್ಟೇ ಪ್ರಮಾಣೀಕರಿಸಬಹುದು. ಕನ್ನಡ ಕಲಿ ತರಗತಿ ನಡೆಸುವವರು ಪಠ್ಯಕ್ರಮ, ಮಾದರಿ ಪ್ರಶ್ನೆಪತ್ರಿಕೆ ಹಿಡಿದು ಹೋಗಬೇಕಾದದ್ದು ಆ ಬೋರ್ಡಿನ ಬಾಗಿಲಿಗೆ. ಹೈಸ್ಕೂಲಿನ ಕೊನೆಯ ಸೀನಿಯರ್ ವರ್ಷಕ್ಕೆ ಕಾಯಬೇಡಿ. ಒಪ್ಪಿಗೆ, ಪರೀಕ್ಷಕರ ಹುಡುಕಾಟ, ಪರೀಕ್ಷೆ ಮೂರೂ ಮುಗಿಯಬೇಕೆಂದರೆ ಮಗು ಒಂಬತ್ತನೇ ಕ್ಲಾಸಿನಲ್ಲಿರುವಾಗಲೇ ಅರ್ಜಿ ಹೋಗಿರಬೇಕು.