ಬೆಲೆ ಅದೇ, ತೂಕ ಮಾತ್ರ ಕಡಿಮೆ: ದೊಡ್ಡ ಕಂಪನಿಗಳ ಈ ನಡೆ ಸರಿಯೇ?

ಕಚ್ಚಾವಸ್ತುಗಳ ದರ ಏರಿದಾಗ ಪೊಟ್ಟಣದ ಮೇಲಿನ ಬೆಲೆಯನ್ನು ಮುಟ್ಟದೆ ಒಳಗಿನ ತೂಕವನ್ನು ಇಳಿಸುವುದು ದಿನಬಳಕೆಯ ಸರಕು ತಯಾರಿಸುವ ಕಂಪನಿಗಳ ಹಳೆಯ ರೂಢಿ. 2022ರ ಮೊದಲಾರ್ಧದಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ದುಬಾರಿಯಾಗಿ, ಅದರ ಬೆನ್ನಿಗೇ ಇಂಡೊನೇಷ್ಯಾ ತಾಳೆ ಎಣ್ಣೆಯ ರಫ್ತನ್ನು ಕೆಲವು ವಾರ ನಿಲ್ಲಿಸಿದಾಗ, ಈ ರೂಢಿ ಎಲ್ಲರ ಕಣ್ಣಿಗೆ ಬಿತ್ತು. 10 ರೂಪಾಯಿಯ ವಿಮ್ ಬಾರ್ 155 ಗ್ರಾಂನಿಂದ 135 ಗ್ರಾಂಗೆ ಇಳಿದದ್ದು, ಅದೇ ಬೆಲೆಯ ಹಲ್ದಿರಾಮ್ಸ್ ಆಲೂ ಭುಜಿಯಾ 55 ಗ್ರಾಂನಿಂದ 42 ಗ್ರಾಂಗೆ ಬಂದದ್ದು ಆಗ ಸುದ್ದಿಯಾಯಿತು. ಇದು ಗ್ರಾಹಕನ ಅನುಕೂಲಕ್ಕೆ ಮಾಡಿದ ಹೊಂದಾಣಿಕೆಯೇ, ಅಥವಾ ಅವನು ಬ್ರ್ಯಾಂಡಿನ ಮೇಲಿಟ್ಟ ನಂಬಿಕೆಯ ದುರ್ಬಳಕೆಯೇ? ಎರಡೂ ಕಡೆಯ ವಾದಗಳು ಇಲ್ಲಿವೆ.

ಪರ: ಐದು ರೂಪಾಯಿಗೆ ಪೊಟ್ಟಣ ಸಿಗುತ್ತಿರಬೇಕು

ಯಾವುದೋ ಕಂಪನಿ ತನ್ನ ಪೊಟ್ಟಣದಿಂದ ಐದಾರು ಗ್ರಾಂ ತೆಗೆದಿದೆ ಎಂದು ಗೊತ್ತಾದ ಕೂಡಲೇ ‘ಮೋಸ’ ಎಂಬ ಮಾತು ಬಾಯಿಗೆ ಬರುತ್ತದೆ. ಆ ಮಾತನ್ನು ಆಡುವ ಮೊದಲು, ಆ ಕಂಪನಿಯ ಮುಂದೆ ಬೇರೆ ಯಾವ ದಾರಿ ಇತ್ತು ಎಂದು ಕೇಳಿಕೊಳ್ಳುವುದು ನ್ಯಾಯ. ಹಿಟ್ಟು, ಸಕ್ಕರೆ, ಎಣ್ಣೆ, ಪ್ಯಾಕಿಂಗ್, ಸಾಗಣೆ ಎಲ್ಲ ಸೇರಿ ಒಂದು ಬಿಸ್ಕತ್ತಿನ ವೆಚ್ಚ ಶೇ 8ರಷ್ಟು ಏರಿತು ಎಂದುಕೊಳ್ಳೋಣ. ಲೆಕ್ಕದ ಪ್ರಕಾರ 5 ರೂಪಾಯಿಯ ಪೊಟ್ಟಣವನ್ನು 5 ರೂಪಾಯಿ 40 ಪೈಸೆಗೆ ಮಾರಬೇಕು. ಆದರೆ 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು 2011ರ ಜೂನ್ ಕೊನೆಗೇ ಚಲಾವಣೆಯಿಂದ ಹೋದವು. 50 ಪೈಸೆಯ ನಾಣ್ಯ ಕಾನೂನಿನಲ್ಲಿ ಉಳಿದಿದೆಯೇ ಹೊರತು ಅಂಗಡಿಯ ಗಲ್ಲಾದಲ್ಲಿ ಉಳಿದಿಲ್ಲ. ಹಾಗಾಗಿ ಕಂಪನಿಗೆ ಸಿಗುವ ಮುಂದಿನ ಮೆಟ್ಟಿಲು 6 ರೂಪಾಯಿ. ಶೇ 8ರ ವೆಚ್ಚ ಏರಿಕೆಗೆ ಗ್ರಾಹಕ ಶೇ 20ರಷ್ಟು ಹೆಚ್ಚು ತೆರಬೇಕಾಗುತ್ತದೆ, ಅದರ ಮೇಲೆ ಅಂಗಡಿಯವನು ಚಿಲ್ಲರೆಯಿಲ್ಲವೆಂದು ಕೈಗಿಡುವ ಚಾಕೊಲೇಟು ಬೇರೆ. ಬೆಲೆಯ ಬದಲು ತೂಕವನ್ನು ಹೊಂದಿಸಿದರೆ 60 ಗ್ರಾಂನ ಪೊಟ್ಟಣದಿಂದ ನಾಲ್ಕೂವರೆ ಗ್ರಾಂ ತೆಗೆದರೆ ಸಾಕು. ಗ್ರಾಹಕನಿಗೆ ಯಾವುದರಲ್ಲಿ ನಷ್ಟ ಕಡಿಮೆ ಎಂಬುದಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ.

ಇದರ ತಿರುಗುಮುರುಗಾದ ಉದಾಹರಣೆಯನ್ನು ನಾವು 2025ರಲ್ಲಿ ಕಂಡೆವು. ಸೆಪ್ಟೆಂಬರ್ 22ರಿಂದ ಬಿಸ್ಕತ್ತಿನ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. 5 ರೂಪಾಯಿಯ ಪೊಟ್ಟಣದಿಂದ ಹಳೆಯ ತೆರಿಗೆಯನ್ನು ಕಳೆದು ಹೊಸದನ್ನು ಸೇರಿಸಿದರೆ 4 ರೂಪಾಯಿ 45 ಪೈಸೆ ಬರುತ್ತದೆ. ಕೆಲವು ಪೊಟ್ಟಣಗಳ ಮೇಲೆ ಅಂಥ ಬೆಲೆ ಅಚ್ಚಾಗಿಯೂ ಬಂತು. ಮಿಕ್ಕ 55 ಪೈಸೆಯನ್ನು ವಾಪಸು ಕೊಡುವವರು ಯಾರು, ಪಡೆಯುವವರು ಯಾರು? ದುಂಡು ಬೆಲೆಯನ್ನು ಉಳಿಸಿಕೊಂಡು ತೂಕ ಹೆಚ್ಚಿಸಲು ಬಿಡಿ ಎಂದು ಕಂಪನಿಗಳು ಕೇಳಿದ್ದರಲ್ಲಿ ಅರ್ಥವಿತ್ತು. ತೆರಿಗೆ ಇಳಿದಾಗ ತೂಕ ಏರಿಸುವುದು ಸರಿಯೆಂದಾದರೆ, ವೆಚ್ಚ ಏರಿದಾಗ ತೂಕ ಇಳಿಸುವುದು ಮಾತ್ರ ಹೇಗೆ ಅಪರಾಧವಾಗುತ್ತದೆ?

ಪಾರ್ಲೆ-ಜಿಯ ಕಥೆಯನ್ನು ಈ ಚರ್ಚೆಯಲ್ಲಿ ಎಲ್ಲರೂ ಎತ್ತುತ್ತಾರೆ, ಬಹುಪಾಲು ಆಕ್ಷೇಪಣೆಯ ದನಿಯಲ್ಲಿ. 1990ರ ದಶಕದ ಮಧ್ಯಭಾಗದಲ್ಲಿ 4 ರೂಪಾಯಿಗೆ 100 ಗ್ರಾಂ ಸಿಗುತ್ತಿತ್ತು, 2020ರ ದಶಕದ ಆರಂಭಕ್ಕೆ 5 ರೂಪಾಯಿಗೆ ಸಿಕ್ಕಿದ್ದು ಸುಮಾರು 55 ಗ್ರಾಂ. ಅಂದರೆ ಗ್ರಾಂ ಒಂದಕ್ಕೆ 4 ಪೈಸೆ ಇದ್ದದ್ದು 9 ಪೈಸೆಯಾಯಿತು. ಅದೇ ಅವಧಿಯಲ್ಲಿ ದೇಶದ ಸಾಮಾನ್ಯ ಬೆಲೆಮಟ್ಟ ಐದು ಪಟ್ಟಿಗೂ ಹೆಚ್ಚು ಏರಿದೆ. ಹೋಟೆಲಿನ ಕಾಫಿ, ಬಸ್ಸಿನ ಟಿಕೆಟ್, ಮನೆ ಬಾಡಿಗೆ ಯಾವುದನ್ನು ಪಕ್ಕದಲ್ಲಿಟ್ಟು ನೋಡಿದರೂ ಈ ಬಿಸ್ಕತ್ತು ಮೊದಲಿಗಿಂತ ಅಗ್ಗವೇ ಆಗಿದೆ. ಕಟ್ಟಡದ ಕೆಲಸದ ನಡುವೆ ಚಹಾದ ಜೊತೆ ಒಂದು ಪೊಟ್ಟಣ ತಿನ್ನುವವರಿಗೆ, ಶಾಲೆ ಬಿಟ್ಟ ಮಗುವಿನ ಕೈಗೆ ಒಂದು ನಾಣ್ಯ ಕೊಟ್ಟು ಅಂಗಡಿಗೆ ಕಳಿಸುವ ತಾಯಿಗೆ, ಆ ನಾಣ್ಯಕ್ಕೆ ಏನಾದರೂ ಸಿಗುತ್ತದೆ ಎಂಬ ಖಾತರಿಯೇ ಬ್ರ್ಯಾಂಡಿನ ಬೆಲೆ. ಆ ಖಾತರಿ ತಪ್ಪಿದರೆ ಅವರು ಬಿಡಿ ರಸ್ಕಿಗೋ ಬನ್ನಿಗೋ ಹೋಗುತ್ತಾರೆ. ಅಲ್ಲಿ ತೂಕವನ್ನು ಬರೆದಿರುವುದೂ ಇಲ್ಲ.

ಮುಚ್ಚುಮರೆಯ ಆರೋಪವೂ ಪೂರ್ತಿ ಒಪ್ಪುವಂಥದ್ದಲ್ಲ. ನಿವ್ವಳ ತೂಕ ಪೊಟ್ಟಣದ ಮೇಲೆ ಇರಲೇಬೇಕು. ಕೇಂದ್ರದ ಪೊಟ್ಟಣ ಸರಕು ನಿಯಮಗಳಿಗೆ 2021ರ ನವೆಂಬರ್‌ನಲ್ಲಿ ಪ್ರಕಟವಾದ ತಿದ್ದುಪಡಿಯ ಪ್ರಕಾರ ಗ್ರಾಂ ಅಥವಾ ಕಿಲೋಗೆ ಎಷ್ಟು ಬೆಲೆ ಬೀಳುತ್ತದೆ ಎಂಬುದನ್ನೂ ಮುದ್ರಿಸಬೇಕು. ಬರೆದ ತೂಕಕ್ಕಿಂತ ಕಡಿಮೆ ತುಂಬಿದರೆ ಅದು ಮೋಸ, ಅದಕ್ಕೆ ಶಿಕ್ಷೆಯಿದೆ. 2024ರಲ್ಲಿ ಕೇರಳದ ತೃಶೂರಿನ ಗ್ರಾಹಕ ಆಯೋಗವು 300 ಗ್ರಾಂ ಎಂದು ಬರೆದ ಬಿಸ್ಕತ್ತು ಪೊಟ್ಟಣದಲ್ಲಿ ತೂಕ ಕಡಿಮೆ ಇದ್ದುದಕ್ಕೆ ಬ್ರಿಟಾನಿಯಾ ಕಂಪನಿಯಿಂದ ಪರಿಹಾರ ಕೊಡಿಸಿತು. ಬರೆದಷ್ಟನ್ನೇ ತುಂಬಿ, ಬರೆಯುವ ಅಂಕಿಯನ್ನೇ ಬದಲಿಸುವುದು ಬೇರೆ ವಿಷಯ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಪೈಪೋಟಿಯೂ ಇದೆ. 2022ರ ಅಕ್ಟೋಬರ್ ಹೊತ್ತಿಗೆ ತಾಳೆ ಎಣ್ಣೆಯ ದರ ಇಳಿದಾಗ ಹಿಂದುಸ್ತಾನ್ ಯೂನಿಲಿವರ್ ಲೈಫ್‌ಬಾಯ್, ಲಕ್ಸ್ ಸೋಪುಗಳ ಬೆಲೆಯನ್ನು ಇಳಿಸಿತು. ಅದು ಔದಾರ್ಯದಿಂದ ಆದದ್ದಲ್ಲ, ಪಕ್ಕದ ಸೋಪು ಅಗ್ಗವಾದರೆ ಗಿರಾಕಿ ಉಳಿಯುವುದಿಲ್ಲ ಎಂಬ ಭಯದಿಂದ ಆದದ್ದು. ಕಂಪನಿಗಳಿಗೆ ಆ ಭಯ ಇದ್ದರೆ ಗ್ರಾಹಕನಿಗೆ ಅಷ್ಟೇ ಸಾಕು.

ವಿರೋಧ: ಹೇಳದೆ ಇಳಿಸಿದ ತೂಕ ಬೆಲೆ ಏರಿಕೆಯೇ

ಕಂಪನಿಗಳಿಗೆ ಬೆಲೆ ಏರಿಸುವ ಹಕ್ಕಿಲ್ಲವೆಂದು ಯಾರೂ ಹೇಳುತ್ತಿಲ್ಲ. ಆಕ್ಷೇಪ ಇರುವುದು ಏರಿಸುವ ರೀತಿಯ ಬಗ್ಗೆ. ಒಂದು ಪೊಟ್ಟಣದಲ್ಲಿ ಹೆಚ್ಚುವರಿ ಸರಕು ತುಂಬಿದಾಗ ‘ಶೇ 20ರಷ್ಟು ಹೆಚ್ಚು’ ಎಂಬ ಸಾಲು ಅದರ ಮುಖದ ಮೇಲೆ ಹಳದಿ ಪಟ್ಟಿಯಲ್ಲಿ ಮಿಂಚುತ್ತದೆ. ಅದೇ ಪೊಟ್ಟಣ ಹಗುರಾದಾಗ ಪಟ್ಟಿಯಿಲ್ಲ, ಬಣ್ಣವಿಲ್ಲ. ಹಿಂಬದಿಯ ಮಡಿಕೆಯಲ್ಲಿ ಒಂದು ಅಂಕಿ ಬದಲಾಗಿರುತ್ತದೆ, ಅಷ್ಟೇ. ಎರಡೂ ಸಂದರ್ಭಗಳಲ್ಲಿ ಕಾನೂನು ಪಾಲನೆಯಾಗಿದೆ ನಿಜ. ಆದರೆ ಲಾಭದ ಸುದ್ದಿಯನ್ನು ಕೂಗಿ ಹೇಳಿ ನಷ್ಟದ ಸುದ್ದಿಯನ್ನು ನುಂಗುವವರನ್ನು ನಮ್ಮ ಊರುಗಳಲ್ಲಿ ಏನೆಂದು ಕರೆಯುತ್ತಾರೆ ಎಂಬುದು ಕಂಪನಿಗಳ ಮಾರಾಟ ವಿಭಾಗಕ್ಕೆ ತಿಳಿಯದ ಸಂಗತಿಯೇನಲ್ಲ.

ಗ್ರಾಂವಾರು ಬೆಲೆಯನ್ನು ಮುದ್ರಿಸಿದ್ದೇವೆ ಎಂಬ ಸಮರ್ಥನೆ ಅರ್ಧ ಮಾತ್ರ ನಿಲ್ಲುತ್ತದೆ. ಗ್ರಾಂಗೆ 9 ಪೈಸೆ ಎಂದು ಪೊಟ್ಟಣ ಹೇಳುತ್ತದೆ, ಕಳೆದ ತಿಂಗಳು ಎಷ್ಟಿತ್ತು ಎಂದು ಹೇಳುವುದಿಲ್ಲ. ಎರಡು ಕಂಪನಿಗಳ ಬಿಸ್ಕತ್ತನ್ನು ಹೋಲಿಸಲು ಆ ಅಂಕಿ ನೆರವಾಗಬಹುದು. ಒಂದೇ ಬಿಸ್ಕತ್ತಿನ ನಿನ್ನೆ ಮತ್ತು ಇಂದನ್ನು ಹೋಲಿಸಲು ಗ್ರಾಹಕ ಹಳೆಯ ಹೊದಿಕೆಯನ್ನು ಎತ್ತಿಟ್ಟಿರಬೇಕು. ಇನ್ನೊಂದು ವಿಪರ್ಯಾಸವೂ ಇದೆ. ಗ್ರಾಂವಾರು ಬೆಲೆಯನ್ನು ಕಡ್ಡಾಯಗೊಳಿಸಿದ ಅದೇ ತಿದ್ದುಪಡಿ, ಬಿಸ್ಕತ್ತು, ಬ್ರೆಡ್ಡು, ಚಹಾಪುಡಿ, ಸೋಪು ಸೇರಿದಂತೆ 19 ಬಗೆಯ ಸರಕುಗಳಿಗಿದ್ದ ನಿಗದಿತ ತೂಕಗಳ ಪಟ್ಟಿಯನ್ನು ತೆಗೆದುಹಾಕಿತು. ಆ ಪಟ್ಟಿಯಲ್ಲಿ ಮೊದಲೇ ಸಂದುಗಳಿದ್ದವು, ಆದರೂ ನೂರು, ಇನ್ನೂರು ಎಂಬ ದುಂಡು ಅಂಕಿಗಳು ಸಾಮಾನ್ಯನ ನೆನಪಿಗೆ ಆಸರೆಯಾಗಿದ್ದವು. 55, 42, 135 ಎಂಬ ಅಂಕಿಗಳು ಯಾರ ನೆನಪಿನಲ್ಲಿ ನಿಲ್ಲುತ್ತವೆ?

ಚಿಲ್ಲರೆಯ ವಾದ ಒಂದು ಕಾಲಕ್ಕೆ ಗಟ್ಟಿಯಾಗಿತ್ತು. ಇಂದು ಗೂಡಂಗಡಿಯ ಎದುರಿಗೂ ಕ್ಯುಆರ್ ಕೋಡ್ ನೇತಾಡುತ್ತದೆ, ಯುಪಿಐಯಲ್ಲಿ 5 ರೂಪಾಯಿ 40 ಪೈಸೆಯನ್ನು ಪೈಸೆಯ ಸಮೇತ ಕಳಿಸಬಹುದು. ನಗದಿನಲ್ಲೇ ವ್ಯವಹರಿಸುವ ಬಡವರು ಇನ್ನೂ ಬಹಳ ಜನ ಇದ್ದಾರೆ ಎಂಬ ಉತ್ತರ ಬರುತ್ತದೆ, ಅದು ಸರಿ. ಆದರೆ ತೂಕ ಇಳಿದಾಗ ಹೆಚ್ಚು ಪೆಟ್ಟು ಬೀಳುವುದೂ ಅವರಿಗೇ. ಗ್ಲೂಕೋಸ್ ಬಿಸ್ಕತ್ತಿನ 100 ಗ್ರಾಂನಲ್ಲಿ ಸುಮಾರು 450 ಕ್ಯಾಲೊರಿ ಇರುತ್ತದೆ. ಪೊಟ್ಟಣದಿಂದ 45 ಗ್ರಾಂ ಹೋಯಿತೆಂದರೆ ಬೆಳಗಿನ ತಿಂಡಿಯ ಬದಲು ಅದನ್ನೇ ತಿನ್ನುವವರ ಹೊಟ್ಟೆಯಿಂದ 200 ಕ್ಯಾಲೊರಿ ಹೋದಂತೆ. ಹಣದುಬ್ಬರದ ಲೆಕ್ಕ ಹಾಕಿ ಬಿಸ್ಕತ್ತು ಅಗ್ಗವಾಗಿದೆ ಎಂದು ತೋರಿಸುವುದು ಸುಲಭ, ಆ ಲೆಕ್ಕ ತಪ್ಪೂ ಅಲ್ಲ. ಹಾಗಿದ್ದ ಮೇಲೆ ಅದನ್ನು ಗ್ರಾಹಕನಿಗೆ ನೇರವಾಗಿ ಹೇಳಲು ಸಂಕೋಚವೇಕೆ? 2022ರ ಮಾರ್ಚ್‌ನಲ್ಲಿ 70 ಗ್ರಾಂ ಮ್ಯಾಗಿಯ ಬೆಲೆ 12 ರೂಪಾಯಿಯಿಂದ 14ಕ್ಕೆ ಏರಿತು. ಜನ ಗೊಣಗಿದರು, ಮ್ಯಾಗಿಯನ್ನು ಬಿಡಲಿಲ್ಲ.

ಬಹಿರಂಗವಾಗಿ ಮಾಡಿದ ಬದಲಾವಣೆ ಹೇಗಿರುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ನಿದರ್ಶನವಿದೆ, ಅದು ಪೂರ್ತಿ ನಿರ್ದೋಷವಾದದ್ದೇನೂ ಅಲ್ಲ. 2024ರ ಜೂನ್‌ನಲ್ಲಿ ಕರ್ನಾಟಕ ಹಾಲು ಮಹಾಮಂಡಳವು ನಂದಿನಿ ಹಾಲಿನ ಅರ್ಧ ಲೀಟರ್ ಮತ್ತು ಒಂದು ಲೀಟರ್ ಪ್ಯಾಕೆಟ್‌ಗಳಿಗೆ ತಲಾ 50 ಮಿಲಿ ಲೀಟರ್ ಸೇರಿಸಿ 2 ರೂಪಾಯಿ ಹೆಚ್ಚು ಪಡೆಯತೊಡಗಿತು. ಟೋನ್ಡ್ ಹಾಲಿನ ಅರ್ಧ ಲೀಟರ್ ಪ್ಯಾಕೆಟ್ 550 ಮಿಲಿ ಲೀಟರ್ ಆಗಿ 22ರಿಂದ 24 ರೂಪಾಯಿಗೆ ಬಂತು. ಇದು ಬೆಲೆ ಏರಿಕೆಯಲ್ಲ ಎಂದು ಸರ್ಕಾರ ಹೇಳಿತು. ಹೆಚ್ಚುವರಿ ಹಾಲು ಬೇಡವೆನ್ನುವವನಿಗೂ ಬೇರೆ ಆಯ್ಕೆ ಇರಲಿಲ್ಲವಾದ್ದರಿಂದ ಆ ಮಾತು ಮನೆ ನಡೆಸುವವರಿಗೆ ಅಷ್ಟಾಗಿ ರುಚಿಸಲಿಲ್ಲ. 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿಸಿ ಆ 50 ಮಿಲಿ ಲೀಟರನ್ನು ಹಿಂತೆಗೆದುಕೊಳ್ಳಲಾಯಿತು. ಹೆಚ್ಚುವರಿ ಹಾಲಿಗೆ ಪಡೆಯುತ್ತಿದ್ದ 2 ರೂಪಾಯಿ ಕಳೆದು ಹೊಸ 4 ರೂಪಾಯಿ ಸೇರಿ, ಲೀಟರ್ ಪ್ಯಾಕೆಟ್ 44ರಿಂದ 46 ರೂಪಾಯಿಯಾಯಿತು. ಅರ್ಧ ಲೀಟರ್ ಪ್ಯಾಕೆಟ್ ಮಾತ್ರ 24 ರೂಪಾಯಿಯಲ್ಲೇ ನಿಂತು, ಒಳಗಿನ ಹಾಲು 550ರಿಂದ 500 ಮಿಲಿ ಲೀಟರಿಗೆ ಇಳಿಯಿತು. ಹೊರಗಿನಿಂದ ನೋಡಿದರೆ ಇದೂ ಬೆಲೆ ಅದೇ, ಸರಕು ಕಡಿಮೆ ಎಂಬ ಸೂತ್ರವೇ. ವ್ಯತ್ಯಾಸ ಒಂದೇ: ನಿರ್ಧಾರ ಪತ್ರಿಕೆಗಳಲ್ಲಿ ಮುಂಚಿತವಾಗಿ ಬಂತು, ಏರಿಸಿದ ಹಣ ಹಾಲು ಉತ್ಪಾದಕರಿಗೆ ಹೋಗುತ್ತದೆ ಎಂಬ ಕಾರಣವನ್ನೂ ಹೇಳಲಾಯಿತು, ವಿರೋಧ ಪಕ್ಷಗಳು ಟೀಕಿಸಿದವು, ಮನೆಮನೆಯಲ್ಲಿ ಚರ್ಚೆಯಾಯಿತು. ಜನ ಬೈದರು, ಆದರೆ ಯಾವುದಕ್ಕೆ ಬೈಯುತ್ತಿದ್ದೇವೆ ಎಂಬುದು ಅವರಿಗೆ ಗೊತ್ತಿತ್ತು. ಖಾಸಗಿ ಕಂಪನಿಯ ಸೋಪಿನ ವಿಷಯದಲ್ಲಿ ಈ ಅವಕಾಶ ಗ್ರಾಹಕನಿಗೆ ಸಿಗುವುದೇ ಇಲ್ಲ.

ಬ್ರ್ಯಾಂಡಿನ ಹೆಸರಿಗೆ ಇದರಿಂದ ಆಗುವ ಹಾನಿ ತಕ್ಷಣ ಕಾಣದು, ಸಿಕ್ಕಿಬಿದ್ದಾಗ ಕಾಣುತ್ತದೆ. ಬ್ರಿಟನ್ನಿನಲ್ಲಿ 2016ರಲ್ಲಿ ಟೊಬ್ಲರೋನ್ ಚಾಕೊಲೇಟಿನ ತ್ರಿಕೋನಗಳ ನಡುವಣ ಅಂತರವನ್ನು ಹೆಚ್ಚಿಸಿ 170 ಗ್ರಾಂನ ಬಾರನ್ನು 150 ಗ್ರಾಂಗೆ ಇಳಿಸಲಾಯಿತು. ಆ ಚಾಕೊಲೇಟಿನ ಆಕಾರವೇ ಅದರ ಗುರುತಾಗಿದ್ದರಿಂದ, ಹಲ್ಲುದುರಿದ ಬಾಚಣಿಗೆಯಂತಾದ ಹೊಸ ರೂಪ ನಗೆಪಾಟಲಾಯಿತು. 2018ರಲ್ಲಿ ಹಳೆಯ ಆಕಾರ ಮರಳಿತು. ಫ್ರಾನ್ಸಿನಲ್ಲಿ ಗ್ರಾಹಕರಿಗಿಂತ ಮೊದಲು ಅಂಗಡಿಯೇ ತಿರುಗಿಬಿತ್ತು: 2023ರ ಸೆಪ್ಟೆಂಬರ್‌ನಲ್ಲಿ ಕಾರ್ಫೂರ್ ಮಳಿಗೆಗಳು ಲಿಪ್ಟನ್, ಲಿಂಟ್‌ನಂಥ ಹೆಸರಾಂತ ಬ್ರ್ಯಾಂಡುಗಳ ಕೆಲವು ಸರಕುಗಳ ಮುಂದೆ ‘ಇದರ ಪ್ರಮಾಣ ಇಳಿದಿದೆ, ಬೆಲೆ ಏರಿದೆ’ ಎಂಬರ್ಥದ ಚೀಟಿ ಅಂಟಿಸಿದವು. ಕಾರ್ಫೂರ್‌ಗೆ ಸರಬರಾಜು ಕಂಪನಿಗಳ ಜೊತೆ ದರದ ಚೌಕಾಸಿಯೂ ನಡೆಯಬೇಕಿತ್ತು ಎಂಬುದನ್ನು ಮರೆಯಬೇಕಿಲ್ಲ. ಏನೇ ಇರಲಿ, 2024ರ ಜುಲೈ 1ರಿಂದ ಅಲ್ಲಿನ ದೊಡ್ಡ ಮಳಿಗೆಗಳು ಇಂಥ ಸರಕಿನ ಬಳಿ ಎರಡು ತಿಂಗಳು ಸೂಚನೆ ಹಾಕುವುದು ಕಡ್ಡಾಯವಾಯಿತು.

ಫ್ರಾನ್ಸಿನ ಮಾದರಿ ನಮಗೆ ಹೊಂದುವುದಿಲ್ಲ. ನಮ್ಮಲ್ಲಿ ಸಣ್ಣ ಪೊಟ್ಟಣಗಳು ಹೆಚ್ಚಾಗಿ ಮಾರಾಟವಾಗುವುದು ದಿನಸಿ ಅಂಗಡಿಯಲ್ಲಿ, ದಾರಕ್ಕೆ ನೇತುಹಾಕಿದ ಸರಗಳಲ್ಲಿ; ಅಲ್ಲಿ ಸೂಚನೆ ಅಂಟಿಸಲು ಜಾಗವಿಲ್ಲ, ತಾನು ಮಾಡದ ಬದಲಾವಣೆಗೆ ಅಂಗಡಿಯವನನ್ನು ಹೊಣೆ ಮಾಡುವುದೂ ಸಲ್ಲ. ದಕ್ಷಿಣ ಕೊರಿಯಾ 2024ರ ಆಗಸ್ಟ್‌ನಿಂದ ಆ ಹೊಣೆಯನ್ನು ತಯಾರಕನ ಮೇಲೆ ಹೊರಿಸಿದೆ. ಪ್ರಮಾಣ ಇಳಿಸಿದವರು ಮೂರು ತಿಂಗಳ ಕಾಲ ಅದನ್ನು ಪೊಟ್ಟಣದ ಮೇಲೋ ತಮ್ಮ ಜಾಲತಾಣದಲ್ಲೋ ಮಾರಾಟದ ಸ್ಥಳದಲ್ಲೋ ತಿಳಿಸಬೇಕು, ತಪ್ಪಿದರೆ ದಂಡ. ತೂಕ ಮತ್ತು ಅಳತೆಗೆ ಸಂಬಂಧಿಸಿದ ನಮ್ಮ ಕಾನೂನು ಮಾಪನಶಾಸ್ತ್ರ ನಿಯಮಗಳಿಗೆ ಇಂಥದೊಂದು ಸಾಲನ್ನು ಸೇರಿಸುವುದು ಕಷ್ಟವಲ್ಲ: ‘ಮೊದಲು 60 ಗ್ರಾಂ, ಈಗ 55 ಗ್ರಾಂ’ ಎಂದು ಬೆಲೆ ಮುದ್ರಿಸಿದ ಅಕ್ಷರದ ಗಾತ್ರದಲ್ಲೇ, ಪೊಟ್ಟಣದ ಮುಂಬದಿಯಲ್ಲಿ, ಮೂರು ತಿಂಗಳು. ಜಾಲತಾಣದಲ್ಲಿ ಹಾಕಿದರೆ ಸಾಕೆಂಬ ಆಯ್ಕೆ ಕೊಟ್ಟರೆ ಎಲ್ಲರೂ ಅದನ್ನೇ ಹಿಡಿಯುತ್ತಾರೆ, ಆದ್ದರಿಂದ ಅದು ಬೇಡ. ಶೇ 5ರವರೆಗಿನ ಇಳಿಕೆಗೆ ಕೊರಿಯಾ ಕೊಟ್ಟಿರುವ ವಿನಾಯಿತಿಯೂ ಇಲ್ಲಿ ಬೇಡ, ಏಕೆಂದರೆ ಐದು ರೂಪಾಯಿಯ ಪೊಟ್ಟಣದ ತೂಕ ಕರಗುವುದೇ ಎರಡು ಮೂರು ಗ್ರಾಂನ ಲೆಕ್ಕದಲ್ಲಿ.