ಆಟಿಯಲ್ಲಿ ಕಾರಿಗೆ ಬಣ್ಣ

ಪ್ಲಾಸ್ಟಿಕ್ ಕಾರು ಜೋಡಿಸುವವರ ಲೋಕದಲ್ಲಿ ಬಹುಮಟ್ಟಿಗೆ ಎಲ್ಲವೂ 24ನೆಯ ಒಂದು ಪಾಲು. ನಾಲ್ಕು ಮೀಟರಿಗಿಂತ ತುಸು ಉದ್ದದ ಫೋಕ್ಸ್‌ವ್ಯಾಗನ್ ಬೀಟಲ್ ಹದಿನೇಳು ಸೆಂಟಿಮೀಟರಿಗೆ ಇಳಿದು, ಜಪಾನಿನ ಪೆಟ್ಟಿಗೆಯೊಳಗೆ ತುಂಡುತುಂಡಾಗಿ ಮಲಗಿರುತ್ತದೆ. ಚಕ್ರ ಎರಡೂವರೆ ಸೆಂಟಿಮೀಟರು, ಪಕ್ಕದ ಕನ್ನಡಿ ಉಗುರಿನ ತುದಿಯಲ್ಲಿ ನಿಲ್ಲುವಷ್ಟು. ತೊಂದರೆಯೆಂದರೆ ಕಾರು ಚಿಕ್ಕದಾದಂತೆ ಮಂಗಳೂರು ಚಿಕ್ಕದಾಗುವುದಿಲ್ಲ. ಇಲ್ಲಿನ ಮಳೆ, ಸೆಕೆ, ಹಾತೆ, ಬೂಷ್ಟು ಮತ್ತು ನಮ್ಮ ಚಿಕ್ಕಮ್ಮ ಪೂರ್ಣ ಅಳತೆಯಲ್ಲಿಯೇ ಉಳಿಯುತ್ತಾರೆ.

ಮಾದರಿಗಳಿಗೆಂದೇ ತಯಾರಾಗುವ ಸ್ಪ್ರೇ ಡಬ್ಬಿಗಳು ಬೆಂಕಿ ಹತ್ತಿಕೊಳ್ಳುವ ಸರಕು. ವಿಮಾನದಲ್ಲಿ ಅವನ್ನು ತರಿಸಿಕೊಳ್ಳುವ ಆಸೆ ಇಟ್ಟುಕೊಳ್ಳಬಾರದು. ಹಾಗಾಗಿ ನಾನು ಪಂಪ್‌ವೆಲ್ ಕಡೆಯ ಒಂದು ಆಟೋ ಪೇಂಟ್ ಅಂಗಡಿಗೆ ಹೋದೆ.

“ಯಾವ ಗಾಡಿ?” ಎಂದು ಅಂಗಡಿಯವರು ಕೇಳಿದರು.

“ಬೀಟಲ್.”

ಅವರ ಮುಖ ಅರಳಿತು. “ಹಳೆಯ ಬೀಟಲ್ಲೇ? ಅದನ್ನು ಇನ್ನೂ ಇಟ್ಟುಕೊಂಡಿದ್ದೀರಾ ಮಾರಾಯರೇ! ಬಾಗಿಲಿಗೆ ಮಾತ್ರವೋ, ಇಡೀ ಗಾಡಿಗೋ?”

“ಇಡೀ ಗಾಡಿಗೆ.”

“ಹಾಗಾದರೆ ಎರಡು ಲೀಟರು ಬೇಕಾದೀತು.”

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಉದ್ದ 24 ಪಾಲು ಕಡಿಮೆಯಾದರೆ ಮೈಯ ವಿಸ್ತಾರ 24ರ 24 ಪಾಲು, ಎಂದರೆ 576 ಪಾಲು ಕಡಿಮೆಯಾಗುತ್ತದೆ. ಎರಡು ಲೀಟರು ಬೇಕಾಗುವಲ್ಲಿ ಮೂರೂವರೆ ಮಿಲಿಲೀಟರು ಸಾಕು. ಚೆಲ್ಲುವುದು, ಹಾರುವುದು, ಗೋಡೆಗೆ ತಾಗುವುದು ಎಲ್ಲ ಸೇರಿಸಿ “ಐವತ್ತು ಎಂ.ಎಲ್. ಕೊಡಿ” ಎಂದೆ. ಅವರು ನನ್ನನ್ನೇ ನೋಡಿದರು. ಗೀರಿಗೆ ಹಚ್ಚಲೇ ಎಂದರು. ಅಲ್ಲ, ಇಡೀ ಗಾಡಿಗೇ ಎಂದು ಮತ್ತೆ ಹೇಳಿದೆ. ಅವರು ಮೆಲ್ಲನೆ ಒಳಗಿನ ಹುಡುಗನನ್ನು ಕರೆದರು. ಬಣ್ಣ ಅಳೆಯಲು ಕರೆದರೋ, ಇಂಥ ಗಿರಾಕಿಯ ಎದುರು ಒಬ್ಬರೇ ನಿಲ್ಲುವುದು ಬೇಡವೆಂದು ಕರೆದರೋ ತಿಳಿಯಲಿಲ್ಲ.

ತಗಡಿಗೆಂದು ಕಲಸಿದ ಟಿನ್ನರಿಗೆ ಪ್ಲಾಸ್ಟಿಕ್ ಎಂದರೆ ಕರುಣೆಯಿಲ್ಲ. ನೇರವಾಗಿ ಹೊಡೆದರೆ ಮೈಯನ್ನೇ ಕಚ್ಚಿ ಹಾಳುಮಾಡುತ್ತದೆ. ಆದ್ದರಿಂದ ಮೊದಲು ಪ್ರೈಮರ್. ಪ್ರೈಮರಿಗೂ ಮೊದಲು ಅಚ್ಚಿನಿಂದ ಬಂದ ಜಿಡ್ಡು ಹೋಗುವಂತೆ ಪಾತ್ರೆಯ ಸಾಬೂನಿನಲ್ಲಿ ಸ್ನಾನ. ಈ ಸ್ನಾನ ನಡೆದದ್ದು ಅಡುಗೆಮನೆಯ ಸಿಂಕಿನಲ್ಲಿ, ಅಮ್ಮ ಬಂಗುಡೆ ತೊಳೆಯಲು ಕಾಯುತ್ತಿದ್ದ ಹೊತ್ತಿನಲ್ಲಿ. ಆ ಸಂಭಾಷಣೆಯನ್ನು ಇಲ್ಲಿ ಬರೆಯುವುದಿಲ್ಲ.

ಅದು ಆಟಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಗಿಯುತ್ತದೆ. ತುಳುನಾಡಿನಲ್ಲಿ ಆಟಿಯಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿದು, ಮೆಂತೆ ಗಂಜಿ ಉಂಡು, ತೆಪ್ಪಗೆ ಕುಳಿತುಕೊಳ್ಳಬೇಕಾದ ಕಾಲ. ಕಷಾಯದ ಲೋಟ ಹಿಡಿದು ಜಗಲಿಗೆ ಬಂದ ಚಿಕ್ಕಮ್ಮ ನನ್ನ ಕೈಯಲ್ಲಿದ್ದುದನ್ನು ನೋಡಿ, “ಆಟಿಯಲ್ಲಿ ಯಾರಾದರೂ ಹೊಸ ಗಾಡಿಗೆ ಕೈ ಹಾಕುತ್ತಾರಾ?” ಎಂದರು. ಇದು ಆಟಿಕೆ ಚಿಕ್ಕಮ್ಮ ಎಂದೆ. “ಆಟಿಕೆಯಾದರೂ ನಾಲ್ಕು ಚಕ್ರ ಇದೆಯಲ್ಲ” ಎಂದರು. ಈ ವಾದಕ್ಕೆ ಇವತ್ತಿಗೂ ನನ್ನ ಬಳಿ ಉತ್ತರವಿಲ್ಲ.

ಚಿಕ್ಕಮ್ಮನ ಶಾಸ್ತ್ರಕ್ಕೆ ವಿಜ್ಞಾನದ ಬೆಂಬಲವೂ ಸಿಕ್ಕಿತು. ಲ್ಯಾಕರ್ ಬಣ್ಣದ ಟಿನ್ನರು ಬೇಗ ಆರುತ್ತದೆ. ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ತಣ್ಣಗಾದ ಮೇಲ್ಮೈಗೆ ಗಾಳಿಯ ತೇವ ಬಂದು ಕೂರುತ್ತದೆ. ಬೀಟಲ್‌ನ ಉರುಟು ನೆತ್ತಿಯ ಮೇಲೆ ಕೆಂಪು ಬಣ್ಣ ಒಂದು ಕ್ಷಣ ಒದ್ದೆಯಾಗಿ ಥಳಥಳಿಸಿತು. ಮರುಕ್ಷಣ ಅಂಚಿನಿಂದ ಹಾಲುಬಿಳುಪಿನ ಮಸುಕು ಏರತೊಡಗಿ, ಕಿಟಕಿಯ ಚೌಕಟ್ಟನ್ನು ದಾಟಿ, ಬಾನೆಟ್ಟಿನ ನಡುಗೆರೆಯವರೆಗೆ ಬಂದು ನಿಂತಿತು. ಹೊರಗೆ ಕದ್ರಿ ಗುಡ್ಡಕ್ಕೆ ಮಂಜು, ಒಳಗೆ ಬೀಟಲ್‌ಗೆ ಮಂಜು.

ಪೇಂಟ್ ಅಂಗಡಿಯವರಿಗೆ ಇದು ಹೊಸತಲ್ಲ. ರಿಟಾರ್ಡರ್ ಎಂಬ, ನಿಧಾನವಾಗಿ ಆರುವ ಟಿನ್ನರನ್ನು ಕೊಟ್ಟು, ಮಳೆಗಾಲದಲ್ಲಿ ಇದನ್ನು ಬೆರೆಸಿದರೆ ತೇವ ಹೊರಹೋಗಲು ಸಮಯ ಸಿಗುತ್ತದೆ ಎಂದರು. ಬಣ್ಣ ಹೊಡೆದ ಮೇಲೆ ಗಾಡಿಯನ್ನು ಬೆಚ್ಚಗಿನ ಶೆಡ್ಡಿನಲ್ಲಿ ನಿಲ್ಲಿಸಿ ಎಂಬ ಸಲಹೆಯನ್ನೂ ಕೊಟ್ಟರು. “ಶೆಡ್ಡು ಇದೆಯಲ್ಲ?” ಎಂದು ಕೇಳಿದಾಗ ಇದೆ ಎಂದೆ.

ಶೆಡ್ಡು ಎಂದರೆ ಮಿಕ್ಸಿ ಬಂದಿದ್ದ ರಟ್ಟಿನ ಪೆಟ್ಟಿಗೆ. ಅದರೊಳಗೆ ನಲವತ್ತು ವ್ಯಾಟಿನ ಹಳೆಯ ಕಾಲದ ತಂತಿ ಬಲ್ಬು. ಎಲ್‌ಇಡಿ ಬಂದ ಮೇಲೆ ಬೆಳಕು ಅಗ್ಗವಾಯಿತು, ಬಿಸಿ ದುಬಾರಿಯಾಯಿತು. ಆ ಬಲ್ಬಿಗಾಗಿ ಹಂಪನಕಟ್ಟೆಯ ಸುತ್ತ ಅಲೆದದ್ದು ಬೇರೆಯೇ ಕತೆ. ಪೆಟ್ಟಿಗೆ ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಎಷ್ಟು ಚೆನ್ನಾಗಿ ಎಂದರೆ, ಮಳೆಗಾಲದಲ್ಲಿ ಒಣಗಿದ ಜಾಗಕ್ಕಾಗಿ ಇಡೀ ಮನೆ ಹುಡುಕುತ್ತಿರುತ್ತದೆ ಎಂಬುದು ಮರುದಿನವೇ ರುಜುವಾಯಿತು. ಮುಚ್ಚಳ ತೆರೆದಾಗ ಬೀಟಲ್‌ನ ಎಡಬಲದಲ್ಲಿ ಅಕ್ಕನ ಮಗನ ಶಾಲೆಯ ಸಾಕ್ಸ್, ಹಿಂದೆ ಒಂದು ಹಿಡಿ ಹಲಸಿನ ಬೀಜ. ಸಾಕ್ಸಿನ ನೀಲಿ ಎಳೆಗಳು ಕೆಂಪು ಮೈಮೇಲೆ ಅಚ್ಚುಕಟ್ಟಾಗಿ ಅಂಟಿದ್ದವು. ಅರ್ಧ ಮಿಲಿಮೀಟರಿನ ಎಳೆ ಕೂಡ ನಿಜದ ಕಾರಿನ ಲೆಕ್ಕದಲ್ಲಿ 12 ಮಿಲಿಮೀಟರಿನ ಹುರಿಹಗ್ಗ. “ಬಲ್ಬು ಸುಮ್ಮನೆ ಉರಿಯುತ್ತಿತ್ತಲ್ಲ” ಎಂದು ಅಮ್ಮ ಹೇಳಿದರು. ಕರೆಂಟು ಬಿಲ್ಲಿನ ದೃಷ್ಟಿಯಿಂದ ಅದು ಸರಿಯೇ.

ಎಳೆಗಳನ್ನು ತೆಗೆಯಲು 2000 ನಂಬರಿನ ವಾಟರ್ ಪೇಪರ್ ಎಂಬ ನಯವಾದ ಉಜ್ಜುಕಾಗದವನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ಉಜ್ಜಬೇಕು. ಬೀಟಲ್‌ನಂಥ ಕಾರಿನಲ್ಲಿ ಮಡ್‌ಗಾರ್ಡಿನ ಅಂಚು, ಬಾನೆಟ್ಟಿನ ಗೆರೆ ಎಲ್ಲವೂ ಉಬ್ಬು. ಉಬ್ಬಿನ ಮೇಲೆ ಬಣ್ಣ ತೆಳುವಾಗಿರುತ್ತದೆ, ಕೈ ಒಂದು ಸುತ್ತು ಹೆಚ್ಚು ಹೋದರೆ ಕೆಳಗಿನ ಬೂದು ಪ್ರೈಮರ್ ಇಣುಕುತ್ತದೆ. ಅದನ್ನೆಲ್ಲ ಕಾಪಾಡಿಕೊಂಡು, ಮೇಲೆ ಕ್ಲಿಯರ್ ಕೋಟು ಹೊಡೆದು, ಇನ್ನೇನು ಪೆಟ್ಟಿಗೆಗೆ ಇಡಬೇಕು ಎನ್ನುವಾಗ ಟ್ಯೂಬ್‌ಲೈಟಿನ ಸುತ್ತ ಹಾರುತ್ತಿದ್ದ ಹಾತೆಯೊಂದು ಕೆಳಗಿಳಿದು ನೇರವಾಗಿ ಬಾನೆಟ್ಟಿನ ಮೇಲೆ ಕುಳಿತಿತು. ರೆಕ್ಕೆ ಸೇರಿ ಒಂದೂವರೆ ಸೆಂಟಿಮೀಟರು, ನಿಜದ ಕಾರಿಗೆ ಹೋಲಿಸಿದರೆ ಒಂದು ಕಾಗೆ. ಅದು ಎದ್ದು ಹೋಯಿತು, ರೆಕ್ಕೆಗಳನ್ನು ಬಿಟ್ಟು ಹೋಯಿತು. ಮಳೆಹುಳಗಳಿಗೆ ರೆಕ್ಕೆ ಕಳಚುವುದು ಹುಟ್ಟುಗುಣ. ಎಲ್ಲಿ ಕಳಚಬೇಕೆಂಬ ವಿವೇಚನೆ ಮಾತ್ರ ಇಲ್ಲ.

ಪಕ್ಕದ ಕನ್ನಡಿಯ ವಿಚಾರ ಚಿಕ್ಕದು. ಚಿಮುಟದಿಂದ ಚಿಮ್ಮಿ ಮೊಸಾಯಿಕ್ ನೆಲಕ್ಕೆ ಬಿತ್ತು. ಬಿಳಿ, ಕಪ್ಪು, ಬೂದು ಚುಕ್ಕಿಗಳ ನೆಲದಲ್ಲಿ ಬೆಳ್ಳಿಬಣ್ಣದ ನಾಲ್ಕು ಮಿಲಿಮೀಟರಿನ ವಸ್ತುವನ್ನು ಹುಡುಕುವವರಿಗೆ ನನ್ನ ಸಹಾನುಭೂತಿ ಇದೆ. ಈಗ ಬೀಟಲ್‌ಗೆ ಒಂದೇ ಕನ್ನಡಿ. ನಗರದ ಅರ್ಧದಷ್ಟು ಸ್ಕೂಟರುಗಳಿಗೂ ಅಷ್ಟೇ ಇರುವುದರಿಂದ ಯಾರೂ ಗಮನಿಸಿಲ್ಲ.

ಮಳೆ ಬಿಟ್ಟು, ನವರಾತ್ರಿ ಬಂದು, ಆಯುಧಪೂಜೆಯ ದಿನ ಮನೆಯ ಸ್ಕೂಟರ್, ಮಿಕ್ಸಿ, ಹೊಲಿಗೆ ಯಂತ್ರ, ಕತ್ತಿ ಎಲ್ಲವೂ ತೊಳೆಸಿಕೊಂಡು ಸಾಲಾಗಿ ನಿಂತವು. ಅಕ್ಕನ ಮಗ ಬೀಟಲನ್ನೂ ತಂದು ನಿಲ್ಲಿಸಿದ. ಚಿಕ್ಕಮ್ಮ ಅದರ ಮುಂದೆ ಬಾಗಿ, ಇಂಜಿನ್ ಎಲ್ಲಿದೆ ಎಂದು ಕೇಳಿದರು. ಹಿಂದೆ ಎಂದೆ. “ಹಾಗಾದರೆ ಕುಂಕುಮ ಎಲ್ಲಿಗೆ?” ಎಂಬ ಪ್ರಶ್ನೆ ಬಂತು. ಎರಡೂ ಕಡೆ ಎಂದು ಅಮ್ಮ ತೀರ್ಮಾನಿಸಿದರು. ನನ್ನ ಪಾಲಿಶ್ ಹೊಳಪಿನ ಮೇಲೆ ಅವರ ಹೆಬ್ಬೆರಳು ಬಿದ್ದಾಗ ನಾನು ಆಕಾಶ ನೋಡಿದೆ.

ಮುಂದಿನದು ನಿಂಬೆಹಣ್ಣು. ಚಕ್ರಕ್ಕಿಂತ ನಿಂಬೆಯೇ ದೊಡ್ಡದು. ಒಂದನ್ನು ಮುಂದಿಟ್ಟು ತಳ್ಳಿದರೆ ಬೀಟಲ್ ಅದಕ್ಕೆ ಹಣೆ ಹಚ್ಚಿ ನಿಂತಿತು. ಹುಡುಗ ನಕ್ಕ, ಚಿಕ್ಕಮ್ಮ ಶಕುನದ ಬಗ್ಗೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಮ್ಮ ಒಳಗೆ ಹೋಗಿ ಒಗ್ಗರಣೆ ಡಬ್ಬಿಯನ್ನು ತಂದು, ನಾಲ್ಕು ಚಕ್ರಗಳ ಮುಂದೆ ನಾಲ್ಕು ಸಾಸಿವೆ ಕಾಳು ಇಟ್ಟರು. ನಾಲ್ಕು ಸೆಂಟಿಮೀಟರಿನ ನಿಂಬೆಗೆ 24ನೆಯ ಒಂದು ಪಾಲು ಎಂದರೆ ಒಂದೂ ಮುಕ್ಕಾಲು ಮಿಲಿಮೀಟರಿಗೆ ಒಂದಿಷ್ಟು ಕಡಿಮೆ. ಸಾಸಿವೆ ಅಷ್ಟೇ ಇರುತ್ತದೆ.

ತಳ್ಳಿದೆವು. ಮೂರು ಕಾಳು ಉರುಳಿಹೋದವು, ಒಂದೂ ಒಡೆಯಲಿಲ್ಲ. ನಾಲ್ಕನೆಯದು ಟಯರಿನ ಹಲ್ಲಿಗೆ ಸಿಕ್ಕಿಕೊಂಡಿತು. “ಪಂಕ್ಚರ್” ಎಂದ ಹುಡುಗ.